ಕ್ಯೂಬ್ ನಿನ್ನೆಯ ಲೆಕ್ಕ ಯಾಕೆ ತೋರಿಸುತ್ತೆ?

ಟೇಬಲ್‌ಗೆ ಇವತ್ತಿನ ಮಾರಾಟ ಬಂದಿದೆ, ಕ್ಯೂಬ್ ಮಾತ್ರ ನಿನ್ನೆಯ ಮೊತ್ತವನ್ನೇ ತೋರಿಸ್ತಿದೆ. ಯಾಕೆ? ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಅನಾಲಿಸಿಸ್ ಸರ್ವಿಸಸ್‌ನಲ್ಲಿ ಮೋಲಾಪ್ ಕ್ಯೂಬ್ ಡೇಟಾದ ತನ್ನದೇ ಪ್ರತಿಯನ್ನ ಇಟ್ಕೊಂಡಿರುತ್ತೆ. ಪ್ರೋಸೆಸ್ ಮಾಡಿದಾಗಲೇ ಅದು ಹೊಸದಾಗೋದು.

ಊರು, ತಿಂಗಳು, ಗ್ರಾಹಕರು ಅಂತ ವಿಂಗಡಿಸೋ ಪಟ್ಟಿಗಳೇ ಡೈಮೆನ್ಷನ್. ನಾನು ಎಚ್ಚರಿಸೋದು ಇಲ್ಲೇ: ಗ್ರಾಹಕರ ಡೈಮೆನ್ಷನ್‌ಗೆ ‘ಪ್ರೋಸೆಸ್ ಫುಲ್’ ಕೊಟ್ರೆ, ಅದನ್ನ ಬಳಸೋ ಕ್ಯೂಬ್‌ನ ಅಂಕಿಗಳೂ ಖಾಲಿಯಾಗ್ತವೆ, ಕ್ಯೂಬನ್ನೂ ಮತ್ತೆ ಪ್ರೋಸೆಸ್ ಮಾಡೋವರೆಗೆ ಬ್ರೌಸ್ ಆಗಲ್ಲ. 10 ಗಂಟೆಗೆ ಮೀಟಿಂಗ್ ಇಟ್ಕೊಂಡು 9.30ಕ್ಕೆ ಇದನ್ನ ಒತ್ತಬೇಡಿ, ಮಾರಾಯ್ರೇ! ಗ್ರಾಹಕರ ವಿವರ ಬದಲಾಗಿದ್ರೆ ಸಾಮಾನ್ಯವಾಗಿ ‘ಪ್ರೋಸೆಸ್ ಅಪ್‌ಡೇಟ್’ ಸಾಕು, ಅಂಕಿಗಳು ಉಳೀತವೆ.

ಬ್ರೌಸ್ ಮಾಡೋಕೆ ನಂಗೆ ಎಕ್ಸೆಲ್ ಪಿವಟ್ ಟೇಬಲ್ಲೇ ಇಷ್ಟ. ಪ್ರೋಸೆಸ್ ಮುಗಿದ್ಮೇಲೆ ಅಲ್ಲೂ ರಿಫ್ರೆಶ್ ಕೊಡಿ.