ತುಟಿ ನೋಡಿ ಮಾತು ತಿಳಿಯುವುದು ಎಷ್ಟು ಸಾಧ್ಯ?

ತರಕಾರಿ ಅಂಗಡಿಯಲ್ಲಿ ಬೀನ್ಸ್ ಬೆಲೆ ಕೇಳುತ್ತೀರಿ. ಎಪ್ಪತ್ತು ಅಂದರೋ, ಎಂಬತ್ತು ಅಂದರೋ? ಕಿವಿ ಕೇಳುವವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ ಎರಡನ್ನೂ ಹೇಳಿ ನೋಡಿ. ಬಾಯಿ ತೆರೆಯುತ್ತದೆ, ತುಟಿ ಕೂಡುತ್ತದೆ, ಬಿಡುತ್ತದೆ. ಹತ್ತು ರೂಪಾಯಿಯ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಪ, ಬ, ಮ ಮೂರಕ್ಕೂ ತುಟಿ ಕೂಡಲೇಬೇಕು. ಬ ಅನ್ನುವಾಗ ಗಂಟಲು ಅದುರುತ್ತದೆ, ಪ ಅನ್ನುವಾಗ ಇಲ್ಲ. ಮ ಅನ್ನುವಾಗ ಉಸಿರು ಮೂಗಿನಿಂದ ಹೊರಡುತ್ತದೆ. ಇದೆಲ್ಲ ಒಳಗೆ ನಡೆಯುವ ಕೆಲಸ. ಹಾಗಾಗಿ ಬಳೆಯೂ ಮಳೆಯೂ ನೋಡುವವರಿಗೆ ಒಂದೇ. ಕ, ಗ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಹ ಬರೀ ಉಸಿರು. ಆಡು, ಹಾಡು, ಕಾಡು ಬೇರೆ ಬೇರೆ ಎಂದು ತುಟಿ ಹೇಳಲಾರದು.

ಉಳಿದದ್ದನ್ನು ತುಂಬುವುದು ಊಹೆ. ಮೋಡ ನೋಡುತ್ತಾ ಛತ್ರಿ ಹುಡುಕುವವರ ಬಾಯಲ್ಲಿ ಬಂದದ್ದು ಮಳೆಯೇ ಇರಬೇಕು. ಆದರೆ ಹೀಗೆ ಊಹಿಸಲು ಭಾಷೆ ಮೊದಲೇ ತಲೆಯಲ್ಲಿರಬೇಕು. ಇಳಿವಯಸ್ಸಿನಲ್ಲಿ ಕಿವಿ ಮಂದವಾದ ಅಜ್ಜಿಗೆ ಬದುಕಿಡೀ ಕೇಳಿದ ಕನ್ನಡವಿದೆ. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಏನಿದೆ? ತುಟಿ ನೋಡಿಯೇ ಭಾಷೆ ಕಲಿ ಎಂದು ಆ ಮಗುವಿಗೆ ಹೇಳುವುದು ಅನ್ಯಾಯ.

ಈ ಅನ್ಯಾಯ ಜಗತ್ತಿನ ಶಾಲೆಗಳಲ್ಲಿ ಬಹುಕಾಲ ನಡೆಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಸನ್ನೆ ಭಾಷೆಗಿಂತ ಬಾಯಿಮಾತೇ ಮೇಲು ಎಂದು ನಿರ್ಣಯ ಮಾಡಿತು. ಮತ ಹಾಕಿದವರು ಬಹುತೇಕ ಕಿವಿ ಕೇಳುವವರೇ! ಎಷ್ಟೋ ದೇಶಗಳಲ್ಲಿ ತರಗತಿಯಿಂದ ಸನ್ನೆ ಭಾಷೆ ಹೊರಬಿತ್ತು. ಆ ನಿರ್ಣಯವನ್ನು ಅದೇ ಸಮ್ಮೇಳನ ತಳ್ಳಿಹಾಕಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ.

ತುಟಿ ನೋಡುವುದು ವ್ಯರ್ಥವೇನಲ್ಲ. ಕಿವಿ ಚೆನ್ನಾಗಿರುವವರೂ ಗೊತ್ತಿಲ್ಲದೆಯೇ ತುಟಿಯ ನೆರವು ಪಡೆಯುತ್ತಾರೆ ಎಂದು 1976ರಲ್ಲಿ ಸಂಶೋಧಕರಾದ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ತೋರಿಸಿದರು: ಕಿವಿಗೆ 'ಬ', ಕಣ್ಣಿಗೆ 'ಗ' ಅನ್ನುವ ಬಾಯಿ ಕೊಟ್ಟಾಗ ಬಹಳ ಮಂದಿಗೆ ಕೇಳಿಸಿದ್ದು 'ದ'. ಶ್ರವಣಯಂತ್ರದಲ್ಲಿ ಅಷ್ಟಿಷ್ಟು ಕೇಳುವವರಿಗೆ ತುಟಿ ದೊಡ್ಡ ಆಸರೆ. ಅದೊಂದನ್ನೇ ನೆಚ್ಚಿಕೊಳ್ಳುವಾಗಲೇ ಕಷ್ಟ.

ಮಾತಾಡುವವರು ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ. ದಪ್ಪ ಮೀಸೆ, ಬಾಯ್ತುಂಬ ಎಲೆಅಡಿಕೆ, ಕಡತದತ್ತ ಬಗ್ಗಿದ ತಲೆ, ಎಲ್ಲವೂ ಅಡ್ಡಿ. ಕೊರೊನಾ ಕಾಲದ ಮಾಸ್ಕ್ ಅಂತೂ ಪೂರ್ತಿ ಬಾಗಿಲನ್ನೇ ಮುಚ್ಚಿತು. ನಾಲ್ಕು ಜನ ಸೇರಿದ ಕಡೆ, ಯಾರು ಮಾತಾಡಿದರೆಂದು ತಿರುಗುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಕಿರುಚಿದರೆ ತುಟಿಯ ಆಕಾರವೇ ಕೆಡುತ್ತದೆ.

ಹೀಗೆ ದಿನವಿಡೀ ಕಣ್ಣು ನೆಟ್ಟು ದಣಿದವರು, ಮತ್ತೆ ಮತ್ತೆ ಕೇಳಲು ಸಂಕೋಚಪಟ್ಟು ತಲೆಯಾಡಿಸಿಬಿಡುತ್ತಾರೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಔಷಧಿ ಕೊಟ್ಟು 'ಅರ್ಥವಾಯ್ತಾ?' ಎನ್ನುವ ಬದಲು 'ಮಾತ್ರೆ ಯಾವಾಗ ತಗೋತೀರಿ?' ಎಂದು ಕೇಳಿ. ಅಂಕಿ, ಹೆಸರು, ತಾರೀಕು ಬರೆದೇ ಕೊಡಿ. ಮೊಬೈಲ್ ಕೈಯಲ್ಲೇ ಇದೆ. ಸನ್ನೆ ಭಾಷೆ ಬಲ್ಲವರಿಗೆ ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ದುಭಾಷಿ ಸಿಗಲೇಬೇಕು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನದ ವ್ಯಾಖ್ಯೆಯಲ್ಲೇ ಸನ್ನೆಯನ್ನೂ ಸೇರಿಸಿದೆ.