ಯೂನಿಕ್ಸ್ ಮಾದರಿಯ ಗಣಕಯಂತ್ರಗಳಲ್ಲಿ ಅಂತರಜಾಲ ಸಂಪರ್ಕ ದೋಷ: ಅರ್ಜಿದಾರರಿಗೆ ಮಾಹಿತಿ

ಸೇವಾ ಸಿಂಧು ಮೊದಲಾದ ಜಾಲತಾಣಗಳಲ್ಲಿ ಅರ್ಜಿ ಸಲ್ಲಿಸುವಾಗ ಸಂಪರ್ಕ ಕಡಿತಗೊಂಡರೆ, ‘ಸರ್ವರ್ ಇಲ್ಲ’ ಎಂದು ಭಾವಿಸಿ ಅರ್ಜಿದಾರರು ಹಿಂದಿರುಗುವುದುಂಟು. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಕಾಲಮಿತಿಯ ಎಣಿಕೆಯು ಅರ್ಜಿ ಸ್ವೀಕೃತವಾದ ನಂತರವೇ ಆರಂಭವಾಗುವುದರಿಂದ, ಸ್ವೀಕೃತಿ ಸಂಖ್ಯೆ ದೊರೆಯದ ಅರ್ಜಿಯನ್ನು ಸಲ್ಲಿಕೆಯಾಗಿದೆಯೆಂದು ಪರಿಗಣಿಸಬಾರದು. ಆದುದರಿಂದ ದೋಷವಿರುವ ಸ್ಥಳವನ್ನು ಅರಿಯುವುದು ಅವಶ್ಯಕ.

ವಿಜಯಪುರದ ಸಮೀಪದ ತೊರವಿಯಿಂದ ಆದಿಲ್‌ಶಾಹಿ ಕಾಲದಲ್ಲಿ ನಗರಕ್ಕೆ ನೆಲದಡಿಯ ಸುರಂಗದ ಮೂಲಕ ನೀರು ತರಲಾಗುತ್ತಿತ್ತು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಕಿಂಡಿಗಳಿವೆ. ಯಾವ ಕಿಂಡಿಯವರೆಗೆ ನೀರಿದೆಯೆಂದು ನೋಡಿದರೆ ಅಡಚಣೆ ಎಲ್ಲಿದೆಯೆಂಬುದು ತಿಳಿಯುತ್ತದೆ. ಸಂಪರ್ಕವನ್ನೂ ಹೀಗೆಯೇ ಹಂತಹಂತವಾಗಿ, ತಮ್ಮ ಯಂತ್ರದಿಂದ ಆರಂಭಿಸಿ ಪರೀಕ್ಷಿಸತಕ್ಕದ್ದು.

ಮೊದಲು ಕೇಬಲ್ ಹಾಗೂ ರೂಟರ್‌ನ ದೀಪಗಳನ್ನು ನೋಡಬೇಕು. ಬಳಿಕ ಟರ್ಮಿನಲ್ ತೆರೆದು, ಆಂಗ್ಲ ಸಣ್ಣಕ್ಷರಗಳಲ್ಲಿ ‘ಐಪಿ’ ಎಂದು ಬರೆದು, ಜಾಗ ಬಿಟ್ಟು ‘ಎ’ ಎಂದು ಟೈಪ್ ಮಾಡಬೇಕು (ಹಳೆಯ ಯೂನಿಕ್ಸ್ ಯಂತ್ರಗಳಲ್ಲಿ ‘ಐಎಫ್‌ಕಾನ್ಫಿಗ್’). 127.0.0.1 ಎಂಬುದು ಯಂತ್ರವು ತನ್ನನ್ನು ತಾನೇ ಗುರುತಿಸುವ ವಿಳಾಸ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬೇರೆ ವಿಳಾಸವಿಲ್ಲದಿದ್ದರೆ ಅಥವಾ 169.254ರಿಂದ ಆರಂಭವಾಗುವ ವಿಳಾಸ ಮಾತ್ರವಿದ್ದರೆ, ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬೇಕು. ರೂಟರನ್ನು ಆರಿಸಿ ಮತ್ತೆ ಚಾಲನೆಗೊಳಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ.

ವಿಳಾಸವಿದ್ದರೆ, ‘ಐಪಿ’ ನಂತರ ‘ಆರ್’ ಎಂದು ಟೈಪ್ ಮಾಡಿದಾಗ ‘ಡಿಫಾಲ್ಟ್’ ಎಂಬ ಸಾಲಿನಲ್ಲಿ ರೂಟರ್‌ನ ವಿಳಾಸ ಕಾಣುತ್ತದೆ. ‘ಪಿಂಗ್’ ಆದೇಶದೊಂದಿಗೆ ಆ ವಿಳಾಸವನ್ನು ನೀಡಿ ಉತ್ತರ ಬರುವುದೇ ಎಂದು ನೋಡಬೇಕು. ಯೂನಿಕ್ಸ್‌ನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ರೂಟರ್ ಉತ್ತರಿಸಿ, 8.8.8.8ರಂತಹ ಹೊರಗಿನ ವಿಳಾಸ ಉತ್ತರಿಸದಿದ್ದರೆ ಅಂತರಜಾಲ ಸೇವಾ ಸಂಸ್ಥೆಗೆ ದೂರು ನೀಡತಕ್ಕದ್ದು.

ಹೆಚ್ಚು ಗೊಂದಲ ಉಂಟುಮಾಡುವ ದೋಷವೆಂದರೆ, ಅಂಕಿಯ ವಿಳಾಸ ಉತ್ತರಿಸಿದರೂ ಜಾಲತಾಣದ ಹೆಸರು ತೆರೆಯದಿರುವುದು. ಹೆಸರನ್ನು ಅಂಕಿಗೆ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆ ತಲುಪುತ್ತಿಲ್ಲವೆಂಬುದು ಇದರ ಅರ್ಥ. ‘ಇಟಿಸಿ’ ಕಡತಕೋಶದ ‘ರಿಸಾಲ್ವ್ ಡಾಟ್ ಕಾನ್ಫ್’ ಕಡತದಲ್ಲಿ ‘ನೇಮ್‌ಸರ್ವರ್’ ಸಾಲು ಇದೆಯೇ ಎಂದು ನೋಡಬೇಕು. ಸಾರ್ವಜನಿಕ ಕೇಂದ್ರಗಳ ಯಂತ್ರಗಳಲ್ಲಿ ಅರ್ಜಿದಾರರು ಈ ಕಡತವನ್ನು ತಾವೇ ತಿದ್ದದೆ, ಕೇಂದ್ರದ ನಿರ್ವಾಹಕರಿಗೆ ತಿಳಿಸುವುದು ಸೂಕ್ತ.

ಇತರ ತಾಣಗಳು ತೆರೆದು ಸೇವೆಯ ತಾಣ ಮಾತ್ರ ತೆರೆಯದಿದ್ದಲ್ಲಿ ಮಾತ್ರವೇ ಸರ್ವರ್ ಕಡೆಯ ದೋಷವನ್ನು ಶಂಕಿಸಬಹುದು. ಆದರೆ ಪಿಂಗ್‌ಗೆ ಉತ್ತರ ಬಾರದಿರುವುದೊಂದೇ ಅದಕ್ಕೆ ಸಾಕ್ಷಿಯಲ್ಲ. ಭದ್ರತೆಯ ಕಾರಣದಿಂದ ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸುವುದಿಲ್ಲ. ‘ಡೇಟ್’ ಆದೇಶದಿಂದ ಯಂತ್ರದ ದಿನಾಂಕವನ್ನೂ ಪರಿಶೀಲಿಸಬೇಕು. ಹಳೆಯ ಯಂತ್ರಗಳ ಒಳಗಿನ ಸಣ್ಣ ಬ್ಯಾಟರಿ ಮುಗಿದಾಗ ದಿನಾಂಕ ಹಿಂದಕ್ಕೆ ಹೋಗಿ, ಸುರಕ್ಷಿತ ತಾಣಗಳು ತೆರೆಯದೆ ಎಚ್ಚರಿಕೆಯ ಪುಟ ಮೂಡುತ್ತದೆ.

ಶುಲ್ಕ ಪಾವತಿಸುವ ಹಂತದಲ್ಲಿ ಸಂಪರ್ಕ ಕಡಿತಗೊಂಡಿದ್ದರೆ, ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಹಾಗೂ ತಾಣದಲ್ಲಿ ಅರ್ಜಿಯ ಸ್ಥಿತಿ ಏನಿದೆ ಎಂಬುದನ್ನು ಖಚಿತಪಡಿಸಿಕೊಳ್ಳದೆ ಎರಡನೆಯ ಬಾರಿ ಪಾವತಿಸಬಾರದು.