ಲಸಿಕೆಯೂ ಲೋಕವಿಶ್ವಾಸವೂ

ಹೊಸದೊಂದು ಲಸಿಕೆಯು ಸಿದ್ಧವಾಯಿತೆಂಬ ವಾರ್ತೆಯು ಹಬ್ಬಿದೊಡನೆ ಜನರಲ್ಲಿ ಎರಡು ಪಂಗಡಗಳಾಗುವುದು ರೂಢಿ. ಒಂದು ಪಂಗಡದವರು ಅದನ್ನು ಅಮೃತವೆನ್ನುವರು. ಇನ್ನೊಂದು ಪಂಗಡದವರು ವಿಷವೆನ್ನುವರು. ಇವರಿಬ್ಬರ ನಡುವೆ ಸಿಕ್ಕಿದ ಸಾಮಾನ್ಯ ಗೃಹಸ್ಥನು ತನ್ನ ಮಗುವಿನ ತೋಳನ್ನು ವೈದ್ಯನ ಮುಂದೆ ಒಡ್ಡಬೇಕೋ ಬೇಡವೋ ಎಂದು ತಿಳಿಯದೆ ನಿಲ್ಲುವನು. ಅವನ ಸಂದೇಹಕ್ಕೆ ಉತ್ತರವನ್ನು ಕೊಡುವ ಹೊಣೆ ಯಾರದು? ಆ ಉತ್ತರವನ್ನು ಯಾವ ರೀತಿಯಲ್ಲಿ ಕೊಡಬೇಕು? ಈ ವಿಷಯದಲ್ಲಿ, 1976ನೆಯ ಇಸವಿಯಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಇನ್‌ಫ್ಲುಯೆಂಜಾ ಲಸಿಕೆಯ ಪ್ರಕರಣವು ಬಹಳ ಬೋಧಪ್ರದವಾದುದು.

ಆ ವರ್ಷದ ಫೆಬ್ರವರಿಯಲ್ಲಿ ನ್ಯೂ ಜರ್ಸಿ ಪ್ರಾಂತದ ಫೋರ್ಟ್ ಡಿಕ್ಸ್ ಎಂಬ ಸೈನಿಕ ಶಿಬಿರದಲ್ಲಿ ತರುಣ ಸಿಪಾಯಿಯೊಬ್ಬನು ಜ್ವರದಿಂದ ಮಡಿದನು. ಪರೀಕ್ಷಿಸಿ ನೋಡಲಾಗಿ, ಹಂದಿಗಳಲ್ಲಿ ಕಾಣಬರುವ ಇನ್‌ಫ್ಲುಯೆಂಜಾ ಜಾತಿಯ ವಿಷಾಣುವು ದೊರೆಯಿತು. ಇದು 1918ರ ಮಹಾಮಾರಿಯ ವಂಶದ್ದೆಂದು ಆಗಿನ ಪಂಡಿತರು ಭಾವಿಸಿದರು. 1918ರ ಹೆಸರನ್ನು ಕೇಳಿದರೆ ಯಾವ ದೇಶದ ವೈದ್ಯನಾದರೂ ನಡುಗದೆ ಇರಲಾರನು. ಹಿಂದುಸ್ಥಾನವೊಂದರಲ್ಲಿಯೇ ಆ ಜ್ವರಕ್ಕೆ ಒಂದು ಕೋಟಿಗೂ ಮೀರಿ ಜನರು ಬಲಿಯಾದರು. ಆದುದರಿಂದ ಅಮೇರಿಕದ ಅಧಿಕಾರಿಗಳು ಭಯಪಟ್ಟದ್ದನ್ನು ತಪ್ಪೆನ್ನಲಾಗದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿಯನ್ನು ತೋಡುವವನಿಗಿಂತ ಮೊದಲೇ ನೀರನ್ನು ತುಂಬಿಟ್ಟುಕೊಳ್ಳುವವನು ಜಾಣನೇ ಸರಿ.

ಮಾರ್ಚ್ 24ರಂದು ಅಧ್ಯಕ್ಷ ಫೋರ್ಡರು, ದೇಶದ ಪ್ರತಿಯೊಬ್ಬ ನಿವಾಸಿಗೂ ಲಸಿಕೆಯನ್ನು ಹಾಕಿಸುವುದಾಗಿ ಸಾರಿದರು. ಪೋಲಿಯೋ ಲಸಿಕೆಗಳಿಂದ ಲೋಕಪ್ರಸಿದ್ಧರಾದ ಸಾಕ್ ಮತ್ತು ಸೇಬಿನ್ ಮಹಾಶಯರಿಬ್ಬರೂ ಈ ಯೋಜನೆಯನ್ನು ಬೆಂಬಲಿಸಿದರು. ಅದಕ್ಕಾಗಿ 13 ಕೋಟಿ 50 ಲಕ್ಷ ಡಾಲರುಗಳು ಮಂಜೂರಾದುವು. ಆದರೆ ತಿಂಗಳುಗಳು ಕಳೆದರೂ ಫೋರ್ಟ್ ಡಿಕ್ಸ್ ಶಿಬಿರದ ಹೊರಗೆ ಆ ಜ್ವರವು ಹಬ್ಬಲಿಲ್ಲ. ಲಸಿಕೆಯನ್ನು ತಯಾರಿಸಿ ಸಂಗ್ರಹಿಸಿಡೋಣ, ರೋಗವು ತಲೆಯೆತ್ತಿದರೆ ಮಾತ್ರ ಹಾಕೋಣ ಎಂದು ಸೇಬಿನ್ನರೇ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಅಧಿಕಾರಿವರ್ಗವು ತನ್ನ ಪಟ್ಟನ್ನು ಸಡಿಲಿಸಲಿಲ್ಲ. ತಯಾರಿಸುವುದು ಒಂದು ನಿರ್ಣಯ, ಹಾಕುವುದು ಇನ್ನೊಂದು ನಿರ್ಣಯ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ಮೊದಲನೆಯ ಪ್ರಮಾದವಾಯಿತು.

ಅಷ್ಟರಲ್ಲಿ ವಿಮಾ ಕಂಪನಿಗಳು ಲಸಿಕೆಯ ಹೊಣೆಯನ್ನು ಹೊರಲು ನಿರಾಕರಿಸಿದುವು. ಆಗಸ್ಟ್ ತಿಂಗಳಿನಲ್ಲಿ ಕಾಯದೆಯನ್ನು ಮಾಡಿ ಸರಕಾರವೇ ಆ ಹೊಣೆಯನ್ನು ಹೊತ್ತುಕೊಂಡಿತು. ಕಾಯದೆಯು ನ್ಯಾಯವಾದದ್ದೇ. ಆದರೆ ವಿಮೆಯವನು ಹೆದರುವ ವಸ್ತುವಿಗೆ ನಾನೇಕೆ ತೋಳನ್ನು ಕೊಡಲಿ ಎಂದು ಜನರು ಕೇಳಿದರೆ ಅದನ್ನು ಮೂಢತನವೆನ್ನುವುದು ಹೇಗೆ?

ಅಕ್ಟೋಬರ್ 1ರಂದು ಲಸಿಕೆಯ ಕಾರ್ಯವು ಮೊದಲಾಯಿತು. ಹತ್ತೇ ದಿನಗಳಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ, ಒಂದೇ ಕೇಂದ್ರದಲ್ಲಿ ಲಸಿಕೆಯನ್ನು ಹಾಕಿಸಿಕೊಂಡ ಮೂವರು ವೃದ್ಧರು ತೀರಿಕೊಂಡರು. ಕೂಡಲೆ ದೇಶದಲ್ಲೆಲ್ಲ ಹುಯಿಲೆದ್ದಿತು. ಹಲವು ಪ್ರಾಂತಗಳು ಕಾರ್ಯವನ್ನು ತಡೆದುವು. ವಿಚಾರಿಸಿ ನೋಡಿದಾಗ, ಅವರ ಮರಣಕ್ಕೆ ಹೃದ್ರೋಗವೇ ಹೊರತು ಲಸಿಕೆಯು ಕಾರಣವಲ್ಲವೆಂದು ತಿಳಿದುಬಂದಿತು. ಸಾವಿರಾರು ವೃದ್ಧರಿಗೆ ಒಂದೇ ವಾರದಲ್ಲಿ ಏನನ್ನು ಕೊಟ್ಟರೂ, ಗಂಗಾಜಲವನ್ನೇ ಕೊಟ್ಟರೂ, ಮರುದಿನ ಕೆಲವರು ಸಾಯುವುದು ಸೃಷ್ಟಿನಿಯಮ. ಕಾಗೆಯು ಕೂತದ್ದಕ್ಕೂ ಟೊಂಗೆಯು ಮುರಿದದ್ದಕ್ಕೂ ಸಂಬಂಧವನ್ನು ಕಲ್ಪಿಸುವ ಕಾಕತಾಳೀಯ ನ್ಯಾಯವಿದು. ಅಧ್ಯಕ್ಷರು ತಾವೇ ಬಹಿರಂಗವಾಗಿ ಲಸಿಕೆಯನ್ನು ಹಾಕಿಸಿಕೊಂಡು ಜನರಿಗೆ ಧೈರ್ಯವನ್ನು ಹೇಳಿದರು.

ಕಥೆಯು ಇಲ್ಲಿಗೇ ಮುಗಿದಿದ್ದರೆ, ಲಸಿಕೆಯನ್ನು ಶಂಕಿಸುವವರೆಲ್ಲರೂ ಅವಿವೇಕಿಗಳೆಂದು ತೀರ್ಪು ಕೊಟ್ಟು ನಾವು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಮಿನೆಸೋಟಾ ಪ್ರಾಂತದಿಂದ ಇನ್ನೊಂದು ದೂರು ಬಂದಿತು. ಲಸಿಕೆಯನ್ನು ಪಡೆದ ಕೆಲವರಿಗೆ ಕಾಲುಗಳಿಂದ ಮೊದಲಾಗಿ ಮೇಲಕ್ಕೇರುವ ಗೀಯಾನ್-ಬಾರೇ ಎಂಬ ಪಾರ್ಶ್ವವಾಯುವಿನಂತಹ ನರರೋಗವು ತಗಲಿತ್ತು. ಮೇಲ್ನೋಟಕ್ಕೆ ಇದೂ ಪಿಟ್ಸ್‌ಬರ್ಗಿನ ದೂರಿನಂತೆಯೇ ಇತ್ತು. ಲಸಿಕೆಯಿಲ್ಲದೆಯೂ ಈ ರೋಗವು ಅಲ್ಲಲ್ಲಿ ಬರುವುದುಂಟು. ಆದರೆ ಲೆಕ್ಕವನ್ನು ಹಾಕಿ ನೋಡಿದಾಗ ಫಲಿತಾಂಶವು ಬೇರೆಯಾಯಿತು. ಲಸಿಕೆಯನ್ನು ಪಡೆಯದವರಿಗಿಂತ ಪಡೆದವರಲ್ಲಿ ಈ ರೋಗವು ಅನೇಕ ಪಟ್ಟು ಹೆಚ್ಚಾಗಿ ಕಂಡಿತು. ಲಕ್ಷ ಜನರಿಗೆ ಸುಮಾರು ಒಬ್ಬನಂತೆ ಹೆಚ್ಚಿನ ಅಪಾಯವಿತ್ತೆಂದು ಮುಂದೆ ಗಣಿಸಲಾಯಿತು. ಡಿಸೆಂಬರ್ 16ರಂದು ಕಾರ್ಯವನ್ನು ನಿಲ್ಲಿಸಿದರು. ಅದುವರೆಗೆ ನಾಲ್ಕು ಕೋಟಿಗೂ ಮೀರಿದ ಜನರು ಲಸಿಕೆಯನ್ನು ಪಡೆದಿದ್ದರು. ಯಾವ ಮಾರಿಗೆ ಹೆದರಿ ಇಷ್ಟೆಲ್ಲವನ್ನು ಮಾಡಿದರೋ ಆ ಮಾರಿಯು ಬರಲೇ ಇಲ್ಲ. ಪರಿಹಾರಕ್ಕಾಗಿ ಸುಮಾರು ನಾಲ್ಕು ಸಾವಿರ ದಾವೆಗಳು ಬಂದುವು. ಯೋಜನೆಯ ಮುಖ್ಯಪ್ರೇರಕರಾಗಿದ್ದ ಡಾಕ್ಟರ್ ಸೆನ್ಸರರು 1977ರಲ್ಲಿ ತಮ್ಮ ಅಧಿಕಾರವನ್ನು ಕಳೆದುಕೊಂಡರು.

ವಾಚಕರು ಈ ಎರಡು ದೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಲಸಿಕೆಯ ನಂತರ ವ್ಯಾಧಿ. ಎರಡರಲ್ಲಿಯೂ ಜನರ ಕೂಗು. ಮೊದಲನೆಯದು ಸುಳ್ಳಾಯಿತು, ಎರಡನೆಯದು ನಿಜವಾಯಿತು. ಕೂಗಿನ ಗಟ್ಟಿತನದಿಂದ ಇವನ್ನು ಬೇರ್ಪಡಿಸುವುದು ಸಾಧ್ಯವಿರಲಿಲ್ಲ; ಅಧಿಕಾರಿಗಳ ಆಶ್ವಾಸನದಿಂದಲೂ ಸಾಧ್ಯವಿರಲಿಲ್ಲ. ಬೇರ್ಪಡಿಸಿದ್ದು ಲೆಕ್ಕವೊಂದೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಎಣಿಕೆಗೆ ಮುಂಚೆಯೇ ‘ಅಪಾಯವಿಲ್ಲ’ ಎನ್ನುವ ಅಧಿಕಾರಿಯೂ, ಎಣಿಕೆಗೆ ಮುಂಚೆಯೇ ‘ಇದು ಕೊಲೆ’ ಎನ್ನುವ ಟೀಕಾಕಾರನೂ ಒಂದೇ ತಪ್ಪನ್ನು ಮಾಡುತ್ತಾರೆ. ಆದರೆ ಅಧಿಕಾರಿಯ ತಪ್ಪು ಹೆಚ್ಚು ಹಾನಿಕರ. ಏಕೆಂದರೆ ಮುಂದಿನ ಸಲ ಅವನು ಸತ್ಯವನ್ನೇ ನುಡಿದರೂ ನಂಬುವವರು ಇರುವುದಿಲ್ಲ.

ಈ ಪಾಠವು ವ್ಯರ್ಥವಾಗಲಿಲ್ಲವೆಂಬುದೂ ಅಷ್ಟೇ ಮುಖ್ಯವಾದ ಸಂಗತಿ. ಲಸಿಕೆಗಳಿಂದ ಹಾನಿಗೊಳಗಾದ ಮಕ್ಕಳಿಗೆ ಪರಿಹಾರವನ್ನು ದೊರಕಿಸುವ ಕಾಯದೆಯನ್ನು ಅಮೇರಿಕವು 1986ರಲ್ಲಿ ಮಾಡಿತು. ಲಸಿಕೆಯ ನಂತರದ ತೊಂದರೆಗಳನ್ನು ಯಾರು ಬೇಕಾದರೂ ವರದಿ ಮಾಡುವ ರಾಷ್ಟ್ರೀಯ ವ್ಯವಸ್ಥೆಯನ್ನು 1990ರಲ್ಲಿ ಏರ್ಪಡಿಸಿತು. 2009ರಲ್ಲಿ ಹೊಸ ಇನ್‌ಫ್ಲುಯೆಂಜಾ ನಿಜವಾಗಿಯೂ ಲೋಕವ್ಯಾಪಿಯಾದಾಗ, ಆ ದೇಶದ ಲಸಿಕೆಯಿಂದ ಗೀಯಾನ್-ಬಾರೇ ರೋಗದ ಹೆಚ್ಚಿನ ಅಪಾಯವು ಹತ್ತು ಲಕ್ಷಕ್ಕೆ ಒಬ್ಬಿಬ್ಬರಷ್ಟು ಮಾತ್ರವೆಂದು ಈ ಬಗೆಯ ಎಣಿಕೆಯಿಂದಲೇ ಗೊತ್ತಾಯಿತು. ಅದೇ ಸಮಯದಲ್ಲಿ ಯೂರೋಪಿನಲ್ಲಿ ಬಳಸಿದ ಪಾಂಡೆಮ್ರಿಕ್ಸ್ ಎಂಬ ಬೇರೊಂದು ಲಸಿಕೆಯನ್ನು ಪಡೆದ ಕೆಲವು ಮಕ್ಕಳಿಗೂ ತರುಣರಿಗೂ, ಹಗಲಿನಲ್ಲಿಯೇ ತಡೆಯಲಾರದ ನಿದ್ರೆಯು ಕವಿಯುವ ನಾರ್ಕೊಲೆಪ್ಸಿ ಎಂಬ ವ್ಯಾಧಿಯು ಬಂದುದು 2010ರಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳಲ್ಲಿ ಬೆಳಕಿಗೆ ಬಂದಿತು. ಫಿನ್ಲೆಂಡಿನ ಆರೋಗ್ಯಾಧಿಕಾರಿಗಳು ಆ ಲಸಿಕೆಯನ್ನು ಕೂಡಲೆ ನಿಲ್ಲಿಸಿ, ವಿಚಾರಣೆ ನಡೆಸಿ, ಕಂಡುದನ್ನು ಪ್ರಕಟಿಸಿದರು. ಎರಡು ದೇಶಗಳಲ್ಲಿಯೂ ನೊಂದವರಿಗೆ ಪರಿಹಾರವು ದೊರೆಯಿತು. ತಪ್ಪನ್ನು ಒಪ್ಪಿಕೊಂಡರೆ ಸರಕಾರದ ಗೌರವವು ಕುಂದುವುದೆಂಬುದು ಅಳುಕಿನ ಮಾತು. ಮುಚ್ಚಿಟ್ಟದ್ದು ಹೊರಬಿದ್ದಾಗ ಕುಂದುವಷ್ಟು ಅದು ಬೇರೆ ಯಾವುದರಿಂದಲೂ ಕುಂದದು.

ನಮ್ಮ ದೇಶಕ್ಕೆ ಇದರಲ್ಲಿ ಏನು ಸಂಬಂಧವೆಂದು ಯಾರೂ ಕೇಳಬೇಕಾಗಿಲ್ಲ. ಕೋವಿಡ್ ಲಸಿಕೆಯ ಕಾಲದಲ್ಲಿ ಇದೇ ವಾದವು ನಮ್ಮ ಊರೂರಿನ ಜಗಲಿಗಳಲ್ಲಿ ನಡೆಯಿತು. 2022ನೆಯ ಮೇ 2ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ಯಾರಿಗೂ ಬಲಾತ್ಕಾರದಿಂದ ಲಸಿಕೆಯನ್ನು ಹಾಕಬಾರದೆಂದು ತೀರ್ಪಿತ್ತಿತು. ಲಸಿಕಾ ನೀತಿಯು ಅವಿಚಾರದ್ದೆಂಬ ವಾದವನ್ನು ಒಪ್ಪಲಿಲ್ಲ. ಲಸಿಕೆಯ ನಂತರದ ತೊಂದರೆಗಳ ವರದಿಗಳನ್ನು ಸಾರ್ವಜನಿಕರಿಗೆ ಲಭ್ಯವಾಗುವಂತೆ ಪ್ರಕಟಿಸಬೇಕೆಂದೂ ವಿಧಿಸಿತು. ಈ ಮೂರು ಮಾತುಗಳೂ ಒಂದಕ್ಕೊಂದು ವಿರೋಧವಾದುವಲ್ಲ. ಮೂರೂ ಸೇರಿದರೇ ವಿಶ್ವಾಸವು ನಿಲ್ಲುವುದು.

ಇನ್‌ಫ್ಲುಯೆಂಜಾ ವಿಷಾಣುವು ವರ್ಷವರ್ಷಕ್ಕೂ ರೂಪವನ್ನು ಬದಲಿಸುತ್ತದೆ. ಆದುದರಿಂದ ಹೊಸ ಲಸಿಕೆಗಳು ಮತ್ತೆ ಮತ್ತೆ ಬರುವುವು, ಈ ಪ್ರಶ್ನೆಯೂ ಮತ್ತೆ ಮತ್ತೆ ಏಳುವುದು. ಆಗ ಅಧಿಕಾರಿಗಳಾದವರು ಪ್ರಶ್ನಿಸುವ ಪ್ರಜೆಯನ್ನು ದ್ರೋಹಿಯೆಂದೆಣಿಸದೆ, ಗೊತ್ತಿರುವ ಅಪಾಯವನ್ನು ಮೊದಲೇ ಹೇಳಲಿ, ಪ್ರತಿಯೊಂದು ದೂರನ್ನೂ ದಾಖಲೆ ಮಾಡಲಿ, ನೊಂದವನನ್ನು ನ್ಯಾಯಾಲಯಗಳ ಮೆಟ್ಟಿಲುಗಳಲ್ಲಿ ಅಲೆಸದಿರಲಿ. ಪ್ರಜೆಗಳಾದವರು ಕೇಳಿದ ಗಾಳಿಮಾತನ್ನು ಲೆಕ್ಕವೆಂದು ಭ್ರಮಿಸದಿರಲಿ. ಒಬ್ಬನು ಹಾಕಿಸಿಕೊಳ್ಳುವ ಲಸಿಕೆಯು ನೆರೆಯವನ ಮನೆಯನ್ನೂ ಕಾಯುವಂಥದು. ಅಂಥ ಲೋಕೋಪಕಾರಕ್ಕಾಗಿ ತೋಳನ್ನು ಒಡ್ಡಿದವನಿಗೆ ಲಕ್ಷಕ್ಕೊಮ್ಮೆ ಹಾನಿಯುಂಟಾದರೆ, ಆ ಒಬ್ಬನನ್ನು ಮರೆಯುವ ಅಧಿಕಾರವು ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನರಿಗಿಲ್ಲ.